ಅವ್ವನ ಮೊಣಕಾಲು, ಮಗನ ಸೋಫಾ

“ಬಸಾ ಸಾಹೇಬ, ಐಸಪೈಸ ಬಸಾ” ಎಂದ ಅಂಗಡಿಯವ. ಕುಳಿತೆ. ಕುಳಿತೆ ಅನ್ನುವುದಕ್ಕಿಂತ ಇಳಿದೆ ಅನ್ನುವುದೇ ಸರಿ. ಸೊಂಟ ಕೆಳಗೆ, ಮೊಣಕಾಲು ಮೇಲೆ, ಬೆನ್ನಿಗೆ ಆಸರೆ ಎಲ್ಲೋ ಹಿಂದೆ ದೂರದಲ್ಲಿ. ಒರಗೋಣವೆಂದು ಹಿಂದೆ ಸರಿದರೆ ಪಾದ ನೆಲ ಬಿಟ್ಟವು. ಏಳೋಣವೆಂದರೆ ಹಿಡಿಯಲು ಏನೂ ಇಲ್ಲ. ಬಾಯಿಂದ ತಾನಾಗಿ “ಯವ್ವಾ” ಅಂತ ಬಂತು ನೋಡಿ, ಅಂಗಡಿಯವ ನಕ್ಕುಬಿಟ್ಟ. “ಕನ್ನಡದವರೇನ್ರೀ? ಮೊದಲೇ ಹೇಳಬಾರದಾ? ಕೈ ಕೊಡ್ರಿ” ಎಂದು ಎಬ್ಬಿಸಿದ. ಅವನ ಮನೆಮಾತು ತೆಲುಗು, ವ್ಯಾಪಾರದ ಮಾತು ಮರಾಠಿ, ಗಿರಾಕಿ ಸಿಕ್ಕರೆ ಕನ್ನಡ. ಸೊಲ್ಲಾಪುರದಲ್ಲಿ ಇದೇನು ಹೊಸದಲ್ಲ.

ನಾನು ಅಕ್ಕಲಕೋಟ ತಾಲೂಕಿನವ. ಹೊಲ ಇದೆ, ಜೊತೆಗೆ ದುಧನಿ ಪೇಟೆಯಲ್ಲಿ ಸಣ್ಣ ಅಡತಿ ವ್ಯಾಪಾರ. ತೊಗರಿ ಚೀಲ ನೋಡಿ ಇದು ಎಷ್ಟು ಒಣಗಿದೆ, ಎಷ್ಟು ಹುಳ ಬಿದ್ದಿದೆ ಅಂತ ಹೇಳಬಲ್ಲೆ. ಸೋಫಾದ ವಿಷಯದಲ್ಲಿ ಮಾತ್ರ ಶುದ್ಧ ಅಡ್ಡಗಲ್ಲು. ಪುಣೆಯಲ್ಲಿ ನೌಕರಿ ಮಾಡುವ ಮಗನ ಲಗ್ನ ಗೊತ್ತಾಗಿತ್ತು. ಬೀಗರು ಬರುತ್ತಾರೆ, ಸೊಸಿ ಬರುತ್ತಾಳೆ, ಪಡಸಾಲಿಯಲ್ಲಿ ಸೋಫಾ ಬೇಕು ಎಂದು ಅವನ ಹಟ. ಅದೂ ಎಂಥಾದ್ದು? ಪುಣೆಯ ಗೆಳೆಯರ ಮನೆಗಳಲ್ಲಿ ನೋಡಿದ ಆಳದ ಲೌಂಜ್ ಸೋಫಾ. ಮ್ಯಾಲೆ ಕಾಲು ಇಟ್ಟುಕೊಂಡು, ಅಡ್ಡಾಗಿ, ಟಿವಿ ನೋಡುತ್ತ ಹಂಗೇ ನಿದ್ದಿ ಹೋಗುವಂಥಾದ್ದು.

ನಮ್ಮ ಪಡಸಾಲಿಯಲ್ಲಿ ಅಲ್ಲಿಯ ತನಕ ಇದ್ದದ್ದು ಗಾದಿ, ಲೋಡು, ಕೆಳಗೆ ಜಮಖಾನ. ಮೂಲೆಗೊಂದು ಕಟ್ಟಿಗೆಯ ಕುರ್ಚಿ. ಆ ಕುರ್ಚಿ ನಮ್ಮ ಅವ್ವನದು. ವಯಸ್ಸು ಎಪ್ಪತ್ತೆಂಟು. ಎರಡೂ ಮೊಣಕಾಲು ಸವೆದಿವೆ, ಆಪರೇಶನ್ ಬೇಡ ಅಂದಿದ್ದಾಳೆ. ಮನೆಗೆ ಯಾರೇ ಬರಲಿ, ಮೊದಲು ಮಾತಾಡಿಸುವವಳು ಅವಳೇ. ಮಳೆ ಎಷ್ಟಾತು, ಮಗಳಿಗೆ ವರ ಸಿಕ್ಕಿತೇನು, ಕಬ್ಬಿನ ಬಿಲ್ಲು ಬಂತೇನು ಎಲ್ಲ ವಿಚಾರಿಸಿದ ಮೇಲೆಯೇ ಚಹಾ. ಎರಡು ಭಾಷೆಯ ನೆಂಟಸ್ತಿಕೆಯನ್ನು ಐವತ್ತು ವರ್ಷ ಆ ಕುರ್ಚಿಯ ಮೇಲೆ ಕುಳಿತೇ ನಡೆಸಿದವಳು.

ಎರಡು ವರ್ಷದ ಹಿಂದೆ ಕಲಬುರಗಿಯ ನೆಂಟರ ಮನೆಗೆ ಹೋದಾಗ ಒಂದು ಘಟನೆ ನಡೆಯಿತು. ಅವರದು ಹೊಸ ಮನೆ, ಹೊಸ ಸೋಫಾ, ಇಂಥದ್ದೇ ಆಳದ್ದು. ಮರ್ಯಾದೆಯಿಂದ ಅವ್ವನನ್ನು ಅದರ ಮೇಲೆಯೇ ಕೂಡಿಸಿದರು. ಊಟಕ್ಕೆ ಕರೆದಾಗ ಅವಳಿಂದ ಏಳಲು ಆಗಲಿಲ್ಲ. ಒಮ್ಮೆ ಪ್ರಯತ್ನಿಸಿದಳು, ಎರಡು ಸಲ ಪ್ರಯತ್ನಿಸಿದಳು. ಸೆರಗು ಜಾರಿತು. ಕೊನೆಗೆ ಆ ಮನೆಯ ಇಬ್ಬರು ಗಂಡಸರು ರಟ್ಟೆ ಹಿಡಿದು ಎತ್ತಿದರು. ಯಾರೂ ನಗಲಿಲ್ಲ, ನಿಜ. ಆದರೆ ಬರುವಾಗ ಗಾಡಿಯಲ್ಲಿ ಅವ್ವ ಒಂದೂ ಮಾತಾಡಲಿಲ್ಲ. ಆ ಮನೆಗೆ ಮತ್ತೆ ಹೋಗಿಲ್ಲ. ಕರೆದಾಗಲೆಲ್ಲ “ನನಗ ದಗದ ಅದ” ಅನ್ನುತ್ತಾಳೆ.

ಸೊಲ್ಲಾಪುರದಿಂದ ಬಂದು ನಾನು ಸೋಫಾದ ಸುದ್ದಿ ತೆಗೆದಾಗ ಅವ್ವ ಹೇಳಿದ್ದು ಒಂದೇ ಮಾತು. “ತರ್ರಿ, ಹುಡುಗರಿಗೆ ಬೇಕಲ್ಲ. ನನಗೇನು, ಹೊರಗ ಕಟ್ಟಿ ಅದ.” ಮಗ್ಗಲಲ್ಲಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಪಡಸಾಲಿಯ ಯಜಮಾನಿ ಕಟ್ಟೆಗೆ ಹೋಗುವ ಮಾತು ಅದು.

ಇಲ್ಲೊಂದು ತಮಾಷೆ ಹೇಳಿಬಿಡುತ್ತೇನೆ. ಸೋಫಾ ಅನ್ನುವುದು ಇಂಗ್ಲಿಷರ ಮಾತು ಅಂತ ನಾವೆಲ್ಲ ತಿಳಿದಿದ್ದೇವೆ. ಅದು ಹುಟ್ಟಿದ್ದು ಅರಬ್ಬಿಯಲ್ಲಿ. ಅಲ್ಲಿ ‘ಸುಫ್ಫಾ’ ಅಂದರೆ ಕಟ್ಟೆ, ಮೇಲೆ ಹಾಸಿಗೆ ದಿಂಬು ಹಾಕಿದ ಎತ್ತರದ ಜಗಲಿ. ತುರ್ಕಿಯ ದಾರಿಯಿಂದ ಯುರೋಪಿಗೆ ಹೋಗಿ, ಕಾಲು ಸ್ಪ್ರಿಂಗು ಹಚ್ಚಿಕೊಂಡು ನಮ್ಮಲ್ಲಿಗೆ ಬಂತು. ದಿವಾನದ ಕಥೆ ಇನ್ನೂ ಚೆಂದ. ಫಾರಸಿಯಲ್ಲಿ ದಿವಾನ ಎಂದರೆ ಮೊದಲು ಲೆಕ್ಕದ ವಹಿ. ಆಮೇಲೆ ಆ ವಹಿ ಇಡುವ ಕಚೇರಿ, ಆ ಕಚೇರಿಯ ಅಧಿಕಾರಿ, ಕೊನೆಗೆ ಅಲ್ಲಿ ಗೋಡೆಗುಂಟ ಹಾಕಿದ ಬೈಠಕ್. ಹಂಗಾದರೆ ಗಾದಿಯ ಮೇಲೆ ಕುಳಿತು ವಹಿ ಬರೆಯುತ್ತಿದ್ದ ನಮ್ಮಪ್ಪ ಶಬ್ದಕ್ಕೆ ಸರಿಯಾಗಿಯೇ ದಿವಾನ! ಅವ್ವ ಕಟ್ಟೆಗೆ ಹೋಗುತ್ತೇನೆ ಅಂದದ್ದೂ ಒಂದು ರೀತಿಯಲ್ಲಿ ಸೋಫಾಕ್ಕೆ ಹೋಗುತ್ತೇನೆ ಅಂದ ಹಾಗೇ. ಇರಲಿ, ತಮಾಷೆಯಿಂದ ಮೊಣಕಾಲು ಬಗ್ಗುವುದಿಲ್ಲ.

ಮಗ ರಜೆಯ ಮೇಲೆ ಬಂದಾಗ ಒಂದು ಸಂಜೆ ಸಿಂಪಿಗ್ಯಾರ ಟೇಪು ಇಸಿದುಕೊಂಡು ಬಂದೆ. ಮನೆಯ ಎಲ್ಲರನ್ನೂ ಅಳೆದೆವು. ಎರಡೇ ಅಳತೆ. ಒಂದು, ಹಿಮ್ಮಡಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯ ತನಕ. ಇನ್ನೊಂದು, ಗೋಡೆಗೆ ಬೆನ್ನು ಹಚ್ಚಿ ಕುಳಿತಾಗ ಬೆನ್ನಿನಿಂದ ಅದೇ ಮಡಿಕೆಯ ತನಕ. ಅವ್ವನದು ಹದಿನೈದೂವರೆ ಇಂಚು ಮತ್ತು ಹದಿನೇಳು ಇಂಚು. ಐದು ಅಡಿ ಹತ್ತು ಇಂಚಿನ ಮಗನದು ಹದಿನೆಂಟು ಮತ್ತು ಇಪ್ಪತ್ತು. ಮಗ ಇಷ್ಟಪಟ್ಟ ಸೋಫಾದ ಕೂಡುವ ಜಾಗದ ಆಳ ಇಪ್ಪತ್ತೇಳು ಇಂಚು, ಎತ್ತರ ಹದಿನಾರು. ಮೆತ್ತೆ ಒತ್ತಿದ ಮೇಲೆ ಎತ್ತರ ಹದಿಮೂರೋ ಹದಿನಾಲ್ಕೋ ಉಳಿಯುತ್ತದೆ. ಅಂದರೆ ಮಗನಿಗೇ ಅದು ಏಳು ಇಂಚು ಉದ್ದ. ಅವ್ವನಿಗೆ ಹತ್ತು ಇಂಚು. ಹಿಂದೆ ಒರಗಿದರೆ ಕಾಲು ಗಾಳಿಯಲ್ಲಿ, ಪಾದ ಊರಿದರೆ ಬೆನ್ನು ಗಾಳಿಯಲ್ಲಿ.

ಕುರ್ಚಿಯ ಹಾಗೆ ನೆಟ್ಟಗೆ ಕೂಡಬೇಕಾದರೆ ಬೆನ್ನು ಹಿಂದೆ ಹತ್ತಬೇಕು, ಪಾದ ಪೂರ್ತಿ ನೆಲಕ್ಕೆ ಊರಬೇಕು, ಮೆತ್ತೆಯ ಅಂಚಿಗೂ ಮೊಣಕಾಲ ಮಡಿಕೆಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಅದಕ್ಕೇ ಸಾಮಾನ್ಯ ಸೋಫಾಗಳ ಆಳ ಇಪ್ಪತ್ತರಿಂದ ಇಪ್ಪತ್ತೆರಡು ಇಂಚು. ಇಪ್ಪತ್ತನಾಲ್ಕು ದಾಟಿತೆಂದರೆ ಅದು ಕೂಡುವ ಸಾಮಾನಲ್ಲ, ಅಡ್ಡಾಗುವ ಸಾಮಾನು.

ಆಳದ ಸೋಫಾದ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮಗನಿಗೆ ಅನ್ಯಾಯ. ನಮ್ಮ ಮಂದಿ ಎಲ್ಲಿ ಕುಳಿತರೂ ಎರಡು ನಿಮಿಷಕ್ಕೆ ಕಾಲು ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕುವವರು. ಇಪ್ಪತ್ತು ಇಂಚಿನ ಸೋಫಾದಲ್ಲಿ ಮಡಿಚಿದ ಮೊಣಕಾಲು ಹೊರಗೆ ಚಾಚುತ್ತದೆ. ಆಳ ಇದ್ದರೆ ಗಾದಿಯ ಸುಖವೇ ಸಿಗುತ್ತದೆ. ಹಂಗ ನೋಡಿದರೆ ನಮ್ಮ ಗಾದಿಗಿಂತ ಆಳದ ಬೈಠಕ್ ಇನ್ನ್ಯಾವುದು? ಆದರೆ ಗಾದಿ ಹತ್ತಿಯದು, ಬಿಗಿ ಇರುತ್ತದೆ, ಕೈ ಊರಿದರೆ ನೆಲ ಸಿಗುತ್ತದೆ. ಈ ಮೆತ್ತನೆಯ ಸೋಫಾದಲ್ಲಿ ಕೈ ಊರಿದರೆ ಕೈಯೂ ಒಳಗೆ.

ಏಳುವ ಗುಟ್ಟು ಬೇರೆ. ಮಲಗಿದ ಎತ್ತು ಏಳುವುದನ್ನು ನೋಡಿದ್ದೀರಲ್ಲ? ಮೊದಲು ಮೈಯ ಭಾರವನ್ನು ಮುಂದಕ್ಕೆ ಜಗ್ಗುತ್ತದೆ, ಆಮೇಲೆ ಹಿಂದಿನ ಕಾಲು ಎತ್ತುತ್ತದೆ. ಮುಂದೆ ಜಗ್ಗಲು ಜಾಗ ಇಲ್ಲದಂತೆ ಗೋದಲಿಗೆ ಒತ್ತಿ ಕಟ್ಟಿದರೆ ಒದ್ದಾಡುತ್ತದೆ. ಮನುಷ್ಯನದೂ ಹಾಗೇ. ಏಳುವಾಗ ಪಾದವನ್ನು ಮೊಣಕಾಲಿಗಿಂತ ಹಿಂದೆ ಎಳೆದುಕೊಂಡು, ಎದೆಯನ್ನು ಮುಂದೆ ಬಾಗಿಸಿ, ಭಾರ ಪಾದದ ಮೇಲೆ ಬಂದಾಗ ಏಳುತ್ತೇವೆ. ಸೊಂಟ ಮೊಣಕಾಲಿಗಿಂತ ಕೆಳಗಿದ್ದರೆ ಅಷ್ಟೂ ಭಾರವನ್ನು ಮೊಣಕಾಲು ಎತ್ತಬೇಕು. ಸೋಫಾದ ಮುಂಭಾಗ ನೆಲದ ತನಕ ಮುಚ್ಚಿದ್ದರೆ ಪಾದ ಹಿಂದೆ ಹೋಗುವುದೇ ಇಲ್ಲ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಕೆಳಗೆ ನಾಲ್ಕೈದು ಇಂಚಿನ ಕಾಲು ಕೊಟ್ಟು ಖಾಲಿ ಬಿಟ್ಟ ಸೋಫಾ ವಯಸ್ಸಾದವರಿಗೆ ಮೇಲು. ಕಸ ಹೊಡೆಯಲಿಕ್ಕೂ ಮೇಲು ಅಂತ ನನ್ನ ಹೆಂಡತಿ.

ಎರಡನೇ ಸಲ ಹೋಗುವಾಗ ಅವ್ವನನ್ನೂ ಕರೆದೊಯ್ದೆವು. ಬರಲೊಲ್ಲೆ ಅಂದಳು. ಮೊಮ್ಮಗ “ಆಯೀ, ನೀ ಬರದಿದ್ರ ಸೋಫಾನೇ ಬ್ಯಾಡ” ಅಂದ ಮೇಲೆ ಹೊರಟಳು. ಅಂಗಡಿಯವ ಒಂದೊಂದನ್ನೇ ತೋರಿಸಿದ. ಅವ್ವ ಯಾವುದರ ಮೇಲೂ ಕೂಡದೆ ನಿಂತೇ ಇದ್ದಳು. ಕಲಬುರಗಿಯ ನೆನಪು ಇನ್ನೂ ಹೋಗಿರಲಿಲ್ಲ.

ಅಷ್ಟರಲ್ಲಿ ನಾನು ಫೋಮಿನ ವಿಚಾರ ತೆಗೆದೆ. “ಫಾರ್ಟಿ ಡೆನ್ಸಿಟಿ ಸಾಹೇಬ್ರ, ಹತ್ತು ವರ್ಷ ಕುಗ್ಗಂಗಿಲ್ಲ” ಎಂದ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬುದು. ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡದೆ ಭಾವ ಹೇಳದ ನಮಗೆ ಬಾಯಿಮಾತಿನ ಮೇಲೆ ನಂಬಿಗೆ ಹೆಂಗ ಬರಬೇಕು? ಜಿಪ್ಪು ಬಿಚ್ಚಿಸಿ ಮೆತ್ತೆಯ ಒಳಗಿನ ಫೋಮು ಹೊರಗೆ ತೆಗೆಸಿದೆ. ಇಪ್ಪತ್ತನಾಲ್ಕು, ಇಪ್ಪತ್ತೆರಡು, ಆರು ಇಂಚಿನ ತುಂಡು. ಲೆಕ್ಕ ಹಾಕಿದರೆ 40ರದು ಸುಮಾರು 2 ಕಿಲೋ 80 ಗ್ರಾಂ ತೂಗಬೇಕು. 32ರದು 1 ಕಿಲೋ 660. 20ರ ಹಗುರ ಮಾಲಾದರೆ ಒಂದು ಕಿಲೋ ಚಿಲ್ಲರೆ. ಪಕ್ಕದ ಕಿರಾಣಿಯವನ ಕಾಟಾದ ಮೇಲೆ ಇಟ್ಟೆವು. 1 ಕಿಲೋ 650 ಬಂತು. “ಇದು ಸ್ಯಾಂಪಲ್ಲಿಗೆ ಹಾಕಿದ್ದು ಬಿಡ್ರಿ” ಎಂದು ಅಂಗಡಿಯವ ತಲೆ ಕೆರೆದುಕೊಂಡ. ಜಗಳ ಆಡಲಿಲ್ಲ. 32 ಏನೂ ಕೆಟ್ಟದ್ದಲ್ಲ. ಹೇಳಿದ್ದು ಒಂದು ಕೊಟ್ಟದ್ದು ಒಂದು ಆಗಬಾರದು, ಅಷ್ಟೇ. ಇನ್ನೊಂದು ಮಾತು: ಡೆನ್ಸಿಟಿ ಬೇರೆ, ಬಿಗಿ ಬೇರೆ. ಡೆನ್ಸಿಟಿ ಹೇಳುವುದು ಎಷ್ಟು ದಿನ ಬಾಳುತ್ತದೆ ಎಂಬುದನ್ನು. ಬಿಗಿ ಗೊತ್ತಾಗಬೇಕಾದರೆ ಕುಳಿತೇ ನೋಡಬೇಕು, ಅದೂ ಹತ್ತು ನಿಮಿಷ, ಚಹಾ ಕುಡಿಯುವಷ್ಟು ಹೊತ್ತು.

ಈ ತೂಕದ ಗದ್ದಲದಲ್ಲಿ ಹೊರಳಿ ನೋಡುತ್ತೇನೆ, ಅವ್ವ ಮೂಲೆಯ ಒಂದು ಸೋಫಾದ ಮೇಲೆ ಕುಳಿತಿದ್ದಾಳೆ. ಯಾರೂ ನೋಡುತ್ತಿಲ್ಲ ಅಂತ ಕುಳಿತದ್ದು. ಪಕ್ಕಕ್ಕೆ ಗಟ್ಟಿ ಕಟ್ಟಿಗೆಯ ಕೈ ಇದ್ದ ಸೋಫಾ ಅದು. ಕೈ ಒತ್ತಿದಳು, ಎದ್ದಳು. ಮತ್ತೆ ಕುಳಿತಳು, ಮತ್ತೆ ಎದ್ದಳು. ನಾನು ಈ ಕಡೆ ಹೊರಳಿ ಕಾಟಾ ನೋಡುವ ನಾಟಕ ಮಾಡಿದೆ.

ಅದೇ ಆಯಿತು. ಅಂಗಡಿಯವನ ಕಾರ್ಖಾನೆಯಲ್ಲೇ ನಮ್ಮ ಅಳತೆಗೆ ಮಾಡಿಸಿದೆವು. ಚೌಕಟ್ಟಿನ ಆಳ ಇಪ್ಪತ್ತಾರು ಇಂಚು, ಆದರೆ ಹಿಂದಿನ ದಿಂಬುಗಳು ಬಿಡಿ, ಬೇಕಾದಾಗ ತೆಗೆಯುವಂಥವು. ದಿಂಬು ಇಟ್ಟರೆ ಆಳ ಹತ್ತೊಂಬತ್ತು. ತೆಗೆದರೆ ಮಗ ಕಾಲು ಚಾಚಿ ಮಲಗಬಹುದು. ಅವ್ವನಿಗೆ ಇನ್ನೂ ಎರಡು ಇಂಚು ಉಳಿಯುತ್ತದೆ, ಅದಕ್ಕೆ ಒಂದು ಸಣ್ಣ ಲೋಡು. ಕುಳಿತ ಮೇಲೆ ಎತ್ತರ ಹದಿನೇಳು ಇಂಚು ಉಳಿಯಬೇಕೆಂದು ಹೇಳಿದೆವು. ಅವ್ವನ ಕಾಲಿಗೆ ಅದು ಒಂದಿಷ್ಟು ಹೆಚ್ಚೇ, ಆದರೆ ಏಳಲಿಕ್ಕೆ ಹಗುರ. ಚೌಕಟ್ಟು ಸಾಗವಾನಿ. ಮೇಲಿನ ಬಟ್ಟೆಗೆ ಮಗ ಮಖಮಲ್ ಅಂದ, ಅಂಗಡಿಯವ ರೆಕ್ಸಿನ್ ಅಂದ. ನಮ್ಮ ಬಿಸಿಲಿನಲ್ಲಿ ರೆಕ್ಸಿನ್ ಬೆನ್ನಿಗೆ ಅಂಟುತ್ತದೆ. ಮಖಮಲ್ಲಿನಲ್ಲಿ ತೊಗರಿ ಹೊಟ್ಟಿನ ದೂಳು ಹೊಕ್ಕರೆ ಹೊರಗೆ ಬರುವುದಿಲ್ಲ. ಹೇಗೂ ಕೊನೆಗೆ ಎಲ್ಲರೂ ಹಾಸುವುದು ಸೊಲ್ಲಾಪುರಿ ಚಾದರವನ್ನೇ. ಬಿಚ್ಚಿ ಒಗೆಯುವ ಸಾದಾ ದಪ್ಪ ಅರಿವೆ ಹಾಕಿಸಿದೆವು. ಒಟ್ಟು ಖರ್ಚು ಏಳೆಂಟು ಕ್ವಿಂಟಲ್ ತೊಗರಿಯ ದುಡ್ಡು.

ಮರೆತಿದ್ದ ಸಂಗತಿ ಒಂದಿತ್ತು: ಬಾಗಿಲು. ನಮ್ಮದು ಹಳೆಯ ಕಲ್ಲಿನ ಮನೆ, ಬಾಗಿಲ ಒಳಗಲ ಮೂವತ್ತೆರಡು ಇಂಚು. ದೇವಡಿಯಲ್ಲಿ ಹೊರಳಿಸಲು ಜಾಗ ಕಡಿಮೆ. ಮಾಡುವ ಬಡಿಗನೇ ಕೇಳಿದ, “ಬಾಗಿಲ ಅಳದೀರೇನ್ರಿ?” ಅಂತ. ಆಮೇಲೆ ಬೋಲ್ಟು ಹಾಕಿ ಎರಡು ತುಂಡಾಗಿ ಬಿಚ್ಚುವಂತೆ ಮಾಡಿಕೊಟ್ಟ. ಅವ ಕೇಳದಿದ್ದರೆ ಸೋಫಾ ಅಂಗಳದಲ್ಲೇ ಮಳೆಗಾಲ ಕಳೆಯಬೇಕಿತ್ತು.

ಲಗ್ನ ಮುಗಿಯಿತು. ಬೀಗರು ಬಂದಾಗ ಅವ್ವ ಕಟ್ಟಿಗೆಯ ಕೈ ಇರುವ ತುದಿಯಲ್ಲಿ ಕುಳಿತೇ ಮಾತಾಡಿಸಿದಳು. ಊಟಕ್ಕೆ ಎಲ್ಲರಿಗಿಂತ ಮೊದಲು ಎದ್ದವಳೂ ಅವಳೇ. ಮಗ ಸೊಸಿ ಬಂದಾಗ ದಿಂಬು ಕೆಳಗೆ ಬೀಳುತ್ತವೆ, ಅವರು ಪುಣೆಗೆ ಹೋದ ಮೇಲೆ ಅವ್ವ ಬೈಯುತ್ತ ಮತ್ತೆ ಜೋಡಿಸುತ್ತಾಳೆ. ಹಳೆಯ ಕುರ್ಚಿ ಅಲ್ಲೇ ಮೂಲೆಯಲ್ಲಿದೆ. ಅದರ ಮೇಲೆ ಈಗ ಬೆಕ್ಕು.

ಮೊನ್ನೆ ಮಗ್ಗಲ ಮನೆಯ ಕಾಕಾ ಟೇಪು ಹಿಡಿದು ಬಂದಿದ್ದರು, ನಮ್ಮ ಸೋಫಾದ ಅಳತೆ ತಗೊಂಡು ಇಂಥದ್ದೇ ಮಾಡಿಸಬೇಕಂತೆ. ಅವ್ವ ಕೂತಲ್ಲಿಂದಲೇ ಕೇಳಿದಳು: “ಇದನ್ನ್ಯಾಕ ಅಳೀತಿ? ಹೋಗಿ ಮೊದಲ ನಿನ್ನ ಹೆಂಡತಿ ಮೊಣಕಾಲ ಅಳದು ಬಾ.”