ಕುಗ್ಗಿದರಷ್ಟೇ ಕಂಕಣಬಲ

ಕೆರೆಯ ಮೆಟ್ಟಿಲ ಮೇಲೆ ಕಾಲಿಟ್ಟೊಡನೆ ಜಾರಿಸುವ ಕಂದು ಲೋಳೆಯಲ್ಲಿ ಸಾಮಾನ್ಯವಾಗಿ ಡಯಾಟಮ್‌ಗಳು ತುಂಬಿರುತ್ತವೆ. ಬರಿಗಣ್ಣಿಗೆ ಕಾಣದ ಏಕಕೋಶ ಪಾಚಿಗಳಿವು. ಸಮುದ್ರ, ಹೊಳೆ, ಒದ್ದೆ ಮಣ್ಣು, ಎಲ್ಲೆಂದರಲ್ಲಿ ಇವೆ. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇವುಗಳದೇ. ಇಷ್ಟು ದೊಡ್ಡ ಸಂಸಾರದ ಈ ಜೀವಿಗಳಿಗೆ ಒಂದು ಪೇಚು ಅಂಟಿಕೊಂಡೇ ಬಂದಿದೆ: ಪೀಳಿಗೆ ಕಳೆದಂತೆಲ್ಲ ಇವುಗಳ ಗಾತ್ರ ಸಣ್ಣದಾಗುತ್ತ ಹೋಗುತ್ತದೆ.

ಅದಕ್ಕೆ ಕಾರಣ ಮೈಮೇಲಿನ ಸಿಲಿಕಾ ಕವಚ. ತಿಂಡಿ ಡಬ್ಬಿಯ ಹಾಗೆ ಅದಕ್ಕೆ ಎರಡು ಭಾಗ. ಮುಚ್ಚಳ ತುಸು ದೊಡ್ಡದು, ತಳ ಅದರೊಳಗೆ ಕೂರುವಷ್ಟು ಚಿಕ್ಕದು. ಕೋಶ ಒಡೆದು ಎರಡಾದಾಗ ಮರಿಗಳು ಒಂದೊಂದು ಭಾಗವನ್ನು ಹಂಚಿಕೊಳ್ಳುತ್ತವೆ. ಸಿಕ್ಕಿದ್ದನ್ನು ಮುಚ್ಚಳ ಮಾಡಿಕೊಂಡು ಅದರೊಳಗೆ ಹೊಸ ತಳ ಕಟ್ಟಿಕೊಳ್ಳುತ್ತವೆ. ಮುಚ್ಚಳ ಸಿಕ್ಕ ಮರಿ ತಾಯಿಯಷ್ಟೇ ದೊಡ್ಡದು. ತಳ ಸಿಕ್ಕ ಮರಿ ಒಂದು ಸುತ್ತು ಸಣ್ಣದು. ಇದನ್ನು 1869ರಲ್ಲೇ ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಸರ್ ಬೇರೆಬೇರೆಯಾಗಿ ಗುರುತಿಸಿದ್ದರು. ಹೀಗೇ ಒಡೆಯುತ್ತ ಹೋದರೆ ಬಹಳಷ್ಟು ಪ್ರಭೇದಗಳ ವಂಶ ಕಡೆಗೆ ಕುಗ್ಗಿ ಕುಗ್ಗಿಯೇ ಅಳಿಯುತ್ತದೆ. ಹಳೆಯ ಗಾತ್ರಕ್ಕೆ ಮರಳಲು ಅವಕ್ಕಿರುವ ಮುಖ್ಯ ದಾರಿ ಲೈಂಗಿಕ ಸಂತಾನೋತ್ಪತ್ತಿ.

ಆ ದಾರಿ ಹಿಡಿಯಲು ಜೊತೆ ಬೇಕಲ್ಲ! ಕಣ್ಣಿಲ್ಲದ, ಕಿವಿಯಿಲ್ಲದ ಕೋಶ ಜೊತೆಯನ್ನು ಹುಡುಕುವುದು ಹೇಗೆ? ಬೆಲ್ಜಿಯಂನ ಘೆಂಟ್ ಮತ್ತು ಜರ್ಮನಿಯ ಯೇನಾ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕಿದ್ದು ಸೆಮಿನಾವಿಸ್ ರೊಬಸ್ಟಾ ಎಂಬ ಡಯಾಟಮ್‌ನಲ್ಲಿ. ದೋಣಿಯಾಕಾರದ ಈ ಕೋಶ ಸಮುದ್ರದ ತಳದ ಲೋಳೆಪದರದಲ್ಲಿ ಬದುಕುತ್ತದೆ. ಕವಚದ ಉದ್ದಕ್ಕೂ ಇರುವ ಸೀಳಿನಿಂದ ಅಂಟು ಸ್ರವಿಸುತ್ತ ಮೆಲ್ಲಗೆ ತೆವಳುತ್ತದೆ. ಇದರಲ್ಲಿ ಗಂಡು, ಹೆಣ್ಣು ಎಂಬ ಭೇದ ನೋಟಕ್ಕೆ ಸಿಗುವುದಿಲ್ಲ. ಹಾಗಾಗಿ ಎರಡು ಬಗೆಗಳನ್ನು ಪ್ಲಸ್, ಮೈನಸ್ ಎಂದು ಕರೆಯುತ್ತಾರೆ. ಉದ್ದ ಸುಮಾರು 50 ಮೈಕ್ರಾನ್‌ಗೆ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ ಎರಡಕ್ಕೂ ಕೂಡುವ ಯೋಗವಿಲ್ಲ. ದೊಡ್ಡ ಕೋಶದ ಪಕ್ಕದಲ್ಲೇ ಜೊತೆಗಾರ ಇದ್ದರೂ ಅದು ತನ್ನ ಪಾಡಿಗೆ ಒಡೆಯುತ್ತಲೇ ಇರುತ್ತದೆ.

ಗಾತ್ರ ಇಳಿದ ಮೇಲೆ ನಡೆಯುವ ವ್ಯವಹಾರಕ್ಕೆ ಎರಡು ಹಂತ. ಮೊದಲು ಎರಡೂ ಬಗೆಯ ಕೋಶಗಳು ತಮ್ಮ ತಮ್ಮ ಫೆರೋಮೋನ್ ಅನ್ನು, ಅಂದರೆ ಸಂಕೇತ ರಾಸಾಯನಿಕವನ್ನು, ನೀರಿಗೆ ಬಿಡುತ್ತವೆ. ಇದು 'ನಾನಿದ್ದೇನೆ' ಎಂಬ ಸುದ್ದಿಯಷ್ಟೇ, ದಿಕ್ಕು ಹೇಳುವುದಿಲ್ಲ. ಪ್ಲಸ್‌ನ ಸುದ್ದಿ ಮುಟ್ಟಿದ ಮೈನಸ್ ಕೋಶ ಒಡೆಯುವ ಕೆಲಸ ನಿಲ್ಲಿಸಿ, ಪ್ರೋಲಿನ್ ಎಂಬ ಅಮೈನೋ ಆಮ್ಲದ ತಯಾರಿಗೆ ಬೇಕಾದ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಎರಡು ಪ್ರೋಲಿನ್‌ಗಳು ಬಳೆಯಾಕಾರದಲ್ಲಿ ಕೂಡಿದರೆ ಡೈಪ್ರೋಲಿನ್. ಕರೆಯುವ ಸಂಕೇತ ಇದು. ಅತ್ತ ಮೈನಸ್‌ನ ಸುದ್ದಿ ಮುಟ್ಟಿದ ಪ್ಲಸ್ ಕೋಶಕ್ಕೆ ಡೈಪ್ರೋಲಿನ್‌ನ ಜಾಡು ಹಿಡಿಯುವ ಶಕ್ತಿ ಬರುತ್ತದೆ; ಸಂಕೇತ ದಟ್ಟವಾಗಿರುವ ಕಡೆಗೆ ಅದು ತೆವಳತೊಡಗುತ್ತದೆ.

2013ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ವಿಜ್ಞಾನಿಗಳು ಸಣ್ಣ ಮಣಿಗಳಿಗೆ ಡೈಪ್ರೋಲಿನ್ ಹಿಡಿಸಿ ಕೋಶಗಳ ನಡುವೆ ಇಟ್ಟರು. ಸಜ್ಜಾದ ಪ್ಲಸ್ ಕೋಶಗಳು ಸುತ್ತಲಿಂದ ಬಂದು ಮಣಿಯನ್ನು ಮುತ್ತಿಕೊಂಡವು. ಮೈನಸ್‌ನ ಸುದ್ದಿ ಮುಟ್ಟದ ಪ್ಲಸ್ ಕೋಶಗಳು ಅದೇ ಮಣಿಯತ್ತ ಸುಳಿಯಲಿಲ್ಲ.

ಈ ಎರಡು ಹಂತದ ಹಿಂದೆ ಉಳಿತಾಯದ ಲೆಕ್ಕವಿದೆ. ಒಡೆಯುವುದನ್ನು ನಿಲ್ಲಿಸಿದರೆ ಸಂತತಿಗೆ ನಷ್ಟ, ಡೈಪ್ರೋಲಿನ್ ತಯಾರಿಸಿದರೆ ಸಾರಜನಕಕ್ಕೆ ನಷ್ಟ. ಜೊತೆ ಇರುವುದು ಖಾತ್ರಿಯಾಗದೆ ಕೋಶ ಕೈಬಿಚ್ಚುವುದಿಲ್ಲ. ಕೂಡಿದ ಜೋಡಿಯಲ್ಲಿ ಪ್ರತಿ ಕೋಶವೂ ಎರಡೆರಡು ಲಿಂಗಾಣುಗಳನ್ನು ಕೊಡುತ್ತದೆ. ಅವು ಬೆಸೆದು ಹುಟ್ಟುವ ಎರಡು ಆಕ್ಸೋಸ್ಪೋರ್‌ಗಳಿಗೆ ಡಬ್ಬಿಯ ಬಿಗಿ ಇರುವುದಿಲ್ಲ. ಅವು ಹಿಗ್ಗಿ ಉದ್ದವಾದ ಮೇಲೆ ಒಳಗೆ ಹೊಸ ಕವಚ ಮೂಡುತ್ತದೆ. ವಂಶ ಮತ್ತೆ ದೊಡ್ಡ ಗಾತ್ರದಿಂದ ಶುರು.

ಎಲ್ಲ ಪಾಚಿಗಳಿಗೂ ಗಾತ್ರವೇ ನೆಪವಲ್ಲ. ಹೊಂಡಗಳಲ್ಲಿ ಹಸಿರು ಗೋಳಗಳಾಗಿ ಉರುಳುವ ವೋಲ್ವಾಕ್ಸ್‌ಗೆ ಬಿಸಿಲಿನ ಚಿಂತೆ. ಬಿಸಿ ತಗುಲಿದ ವೋಲ್ವಾಕ್ಸ್ ಕಾರ್ಟೆರಿ ಲೈಂಗಿಕತೆಯನ್ನು ಪ್ರಚೋದಿಸುವ ಪ್ರೋಟೀನನ್ನು ತಯಾರಿಸುತ್ತದೆ ಎಂದು 1986ರಲ್ಲಿ ಡೇವಿಡ್ ಮತ್ತು ಮೆರಿಲಿನ್ ಕಿರ್ಕ್ ತೋರಿಸಿದರು. ಮಿಲಿಲೀಟರ್ ನೀರಿಗೆ ಕೆಲವು ಹತ್ತು ಸಾವಿರ ಅಣುಗಳು ಬಿದ್ದರೂ ಸಾಕು, ಮುಂದಿನ ಪೀಳಿಗೆಯ ಗೋಳಗಳು ಅಂಡ, ವೀರ್ಯಾಣುಗಳೊಂದಿಗೆ ಹುಟ್ಟುತ್ತವೆ. ಅವು ಕೂಡಿ ಆಗುವ ದಪ್ಪ ಗೋಡೆಯ ಯುಗ್ಮಜ, ಹೊಂಡ ಒಣಗಿದರೂ ಕೆಸರಿನಲ್ಲಿ ಬದುಕುಳಿಯುತ್ತದೆ. ಇಲ್ಲಿ ಸಂಕೇತ ಹೊತ್ತು ತರುವುದು ಬೇಸಿಗೆಯ ಮುನ್ಸೂಚನೆಯನ್ನು.

ನೀರಿಗೆ ಬಿಟ್ಟ ಮಾತು ಗುಟ್ಟಾಗಿ ಉಳಿಯುವುದಿಲ್ಲ. ಸೆಮಿನಾವಿಸ್ ಬದುಕುವ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳೂ ಕಿಕ್ಕಿರಿದಿವೆ. ಕೆಲವು ಬ್ಯಾಕ್ಟೀರಿಯಾಗಳ ಸ್ರಾವ ಬಿದ್ದರೆ ಡಯಾಟಮ್‌ಗಳ ಕೂಡುವಿಕೆ ಹೆಚ್ಚುತ್ತದೆ, ಇನ್ನು ಕೆಲವುಗಳದು ಬಿದ್ದರೆ ಇಳಿಯುತ್ತದೆ. ಪ್ರಯೋಗಾಲಯದ ಶುದ್ಧ ತಟ್ಟೆಯಲ್ಲಿ ಇಬ್ಬರ ನಡುವೆಯೇ ಮುಗಿಯುವ ಮಾತುಕತೆಗೆ ಸಮುದ್ರದ ತಳದಲ್ಲಿ ನೆರೆಹೊರೆಯವರೂ ಬಾಯಿ ಹಾಕುತ್ತಾರೆ. ಒಂದು ಡಯಾಟಮ್ ವಂಶ ಮತ್ತೆ ದೊಡ್ಡದಾಗುತ್ತದೋ ಕುಗ್ಗಿ ಅಳಿಯುತ್ತದೋ ಎಂಬುದರಲ್ಲಿ ಅವರ ಕೈವಾಡವೂ ಇದೆ.