ಮೂರು ಶಾಸನಗಳ ನಡುವಣ ಓಟದ ಹಾದಿ

ಬಳ್ಳಾರಿಯಿಂದ ಚಳ್ಳಕೆರೆಯ ಮಾರ್ಗವಾಗಿ ಹಿರಿಯೂರಿಗೆ ಹೋಗುವ ಹೆದ್ದಾರಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಎಲ್ಲೆಯನ್ನು ದಾಟಿದ ಸ್ವಲ್ಪ ಹೊತ್ತಿಗೇ ಎದುರಾಗುವ ರಾಂಪುರವನ್ನು ಪ್ರಯಾಣಿಕರಲ್ಲಿ ಹೆಚ್ಚಿನವರು ಬಸ್ಸು ಒಂದಿಷ್ಟು ಹೊತ್ತು ನಿಲ್ಲುವ ಊರೆಂದು ಮಾತ್ರವೇ ಬಲ್ಲರು. ಆದರೆ ಅಲ್ಲಿ ಇಳಿದು, ಹೆದ್ದಾರಿಯ ಸದ್ದಿಗೆ ಬೆನ್ನು ಮಾಡಿ, ದಕ್ಷಿಣಾಭಿಮುಖವಾಗಿ ನಿಂತವನಿಗೆ ಶೇಂಗಾ ಹೊಲಗಳ ಸಮತಳದಾಚೆ ಜಟಂಗಿ ರಾಮೇಶ್ವರ ಬೆಟ್ಟವು ಏಕಾಏಕಿ ಎದ್ದು ನಿಂತಿರುವುದು ಕಾಣುತ್ತದೆ. ಆ ಬೆಟ್ಟದ ಮಗ್ಗುಲನ್ನು ಹಾದು ಮುಂದೆ ಹೋದರೆ ಸಿದ್ಧಾಪುರ, ಅದರ ಪೂರ್ವಕ್ಕೆ ಬ್ರಹ್ಮಗಿರಿ. ಮುಂಜಾವಿನಲ್ಲಿ ಓಡುವ ಹವ್ಯಾಸವುಳ್ಳವರಿಗೆ ಈ ಸೀಮೆಗಿಂತ ರಮಣೀಯವೂ ಅರ್ಥಪೂರ್ಣವೂ ಆದ ಹಾದಿಗಳು ನಮ್ಮ ಬಯಲುನಾಡಿನಲ್ಲಿ ವಿರಳವೆಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರಿನ ಉದ್ಯಾನಗಳನ್ನೂ ಮಲೆನಾಡಿನ ತೋಟದ ದಾರಿಗಳನ್ನೂ ಹೊಗಳುವವರು ಅನೇಕರಿದ್ದಾರೆ. ಈ ಬಿಸಿಲುನಾಡಿನ ಬಂಡಿಜಾಡನ್ನು ಹೊಗಳುವವರು ಬೇಕಾಗಿದ್ದಾರೆ.

1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸರು ಈ ಮೂರು ಎಡೆಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದು, ಮೌರ್ಯರ ಆಧಿಪತ್ಯವು ಕನ್ನಡನಾಡಿನ ಒಳಭಾಗದವರೆಗೂ ವ್ಯಾಪಿಸಿತ್ತೆಂಬ ಸಂಗತಿಯನ್ನು ಲೋಕದ ಮುಂದಿಟ್ಟರು. ಮೂರೂ ಒಂದಕ್ಕೊಂದು ಐದಾರು ಕಿಲೋಮೀಟರುಗಳ ಆಸುಪಾಸಿನಲ್ಲಿವೆ. ಇಷ್ಟು ಸಮೀಪದಲ್ಲಿ ಒಂದೇ ಆಜ್ಞೆಯನ್ನು ಮೂರು ಬಾರಿ ಕೆತ್ತಿಸಿದುದನ್ನು ನೋಡಿದರೆ, ಇದು ಅಂದು ಜನಸಂಚಾರ ಬಹುಳವಾಗಿದ್ದ ಪ್ರದೇಶವೆಂದೂ, ಹಾದಿಯಲ್ಲಿ ನಡೆದು ಬರುವವರ ಕಣ್ಣಿಗೆ ಬೀಳಲೆಂದೇ ಈ ಬಂಡೆಗಳನ್ನು ಆರಿಸಿದರೆಂದೂ ಊಹಿಸಬಹುದು. ಊರವರ ಬಾಯಲ್ಲಿ ಆ ಬಂಡೆಗಳಿಗೆ ಅವರದೇ ಹೆಸರುಗಳಿದ್ದವು: ಬ್ರಹ್ಮಗಿರಿಯದು ಅಕ್ಷರಗುಂಡು, ಜಟಂಗಿ ಬೆಟ್ಟದ ಮೇಲಿನದು, ಜಾತ್ರೆಯ ಕಾಲದಲ್ಲಿ ಬಳೆ ಮಾರುವವರು ಅಂಗಡಿ ಹೂಡುತ್ತಿದ್ದುದರಿಂದ, ಬಳೆಗಾರ ಗುಂಡು.

ಮೊದಲು ಬಯಲಿನ ಹಾದಿಯನ್ನು ಹೇಳುತ್ತೇನೆ. ರಾಂಪುರದಿಂದ ಹೊರಟು ಬೆಟ್ಟದ ಬುಡವನ್ನು ಬಳಸಿಕೊಂಡು ಸಿದ್ಧಾಪುರದತ್ತ ಸಾಗುವ ಈ ದಾರಿ ಬಹುಪಾಲು ಸಮತಟ್ಟಾದುದು. ಮರಳು ಬೆರೆತ ಕೆಂಪು ನೆಲ ಪಾದಕ್ಕೆ ಮೃದುವಾಗಿದ್ದು, ಡಾಂಬರಿನಂತೆ ಮಂಡಿಯನ್ನು ನೋಯಿಸುವುದಿಲ್ಲ. ಎಲ್ಲೆಲ್ಲಿ ಎರೆ ನೆಲ ಅಡ್ಡಬರುವುದೋ ಅಲ್ಲಿ ಮಾತ್ರ ಮಳೆ ಬಿದ್ದ ಮರುದಿನ ಓಡಲಾಗದು, ಹೆಜ್ಜೆಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಕಾಲು ಭಾರವಾಗುತ್ತದೆ. ಇಕ್ಕೆಲದಲ್ಲಿ ಜಾಲಿ, ಬೇವು, ತಂಗಡಿ, ಕಾರೆಯ ಪೊದೆಗಳು. ಹೊತ್ತು ಮೂಡುವ ಮುನ್ನ ಆ ಪೊದೆಗಳೊಳಗಿಂದ ಕೌಜುಗಗಳ ಕೂಗು ಓಡುವವನ ಜೊತೆಯಲ್ಲಿಯೇ ಬಹುದೂರ ಬರುತ್ತದೆ. ಸಿದ್ಧಾಪುರದ ಬಳಿ ಜನಗಹಳ್ಳವೆಂದೂ ಕರೆಯಲ್ಪಡುವ ಚಿನ್ನಹಗರಿಯ ಪಾತ್ರವಿದೆ. ವರ್ಷದ ಹೆಚ್ಚು ಕಾಲ ಅದು ಬರಿಯ ಮರಳು. ಮುಂಗಾರಿನ ಮೋಡಗಳು ಗಾಳಿಯನ್ನಷ್ಟೇ ಕೊಟ್ಟು ಮುಂದೆ ಸಾಗಿಬಿಡುವ ಈ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ತುಂಬಿ ಹರಿಯುವ ಹಳ್ಳವನ್ನು ಕಾಣುವುದು ಒಂದು ಭಾಗ್ಯವೇ ಸರಿ.

ಬ್ರಹ್ಮಗಿರಿಯ ಅಕ್ಷರಗುಂಡಿನ ಮುಂದೆ ನಿಂತು ಉಸಿರು ತಿರುಗಿಸಿಕೊಳ್ಳುವವನು ಆ ಶಾಸನದ ತಾತ್ಪರ್ಯವನ್ನು ತಿಳಿದಿರುವುದು ಒಳ್ಳೆಯದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲವೆಂಬ ಊರಿನ ಮಹಾಮಾತ್ರರ ಆರೋಗ್ಯವನ್ನು ಮೊದಲು ವಿಚಾರಿಸಿ, ಅನಂತರ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಉಪಾಸಕನಾಗಿದ್ದರೂ ಮೊದಮೊದಲು ಸಾಕಷ್ಟು ಶ್ರಮಿಸಲಿಲ್ಲವೆಂದು ಆ ಸಾರ್ವಭೌಮನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ಉತ್ಕಟವಾದ ಪ್ರಯತ್ನದ ಫಲ ದೊಡ್ಡವರಿಗೆ ಮೀಸಲಲ್ಲವೆಂದೂ, ಅಲ್ಪನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲನೆಂದೂ ಸಾರುತ್ತಾನೆ. ಕೊನೆಯಲ್ಲಿ 256 ಎಂಬ ಸಂಖ್ಯೆಯಿದೆ. ಅರಸನು ಪ್ರಯಾಣದಲ್ಲಿ ಕಳೆದ ಇರುಳುಗಳ ಲೆಕ್ಕವದೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ. ಎಂದರೆ, ಹಾದಿಯಲ್ಲಿದ್ದವನೊಬ್ಬನು ಹಾದಿಹೋಕರಿಗಾಗಿ ಹೇಳಿದ ಮಾತಿದು. ಬೆವರಿಳಿದ ಮೈಯಿಂದ ಅಲ್ಲಿಗೆ ಬಂದವನಿಗೆ ಅದು ಕಾರಿನಿಂದ ಇಳಿದವನಿಗಿಂತ ಹತ್ತಿರದ್ದಾಗಿ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ಕೆತ್ತಿದ ಲಿಪಿಕಾರನ ಹೆಸರು ಚಪಡ. ಪ್ರಾಕೃತ ಭಾಷೆಯ ಶಾಸನವನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದ ಅವನು, ತನ್ನ ವೃತ್ತಿಯನ್ನು ಸೂಚಿಸುವ ಕಡೆಯ ಪದವನ್ನು ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಗಾಂಧಾರದ ಲಿಪಿಯನ್ನು ಬಲ್ಲ ಕೈಯೊಂದು ಮೊಳಕಾಲ್ಮೂರಿನ ಕಗ್ಗಲ್ಲಿನ ಮೇಲೆ ಉಳಿಯಾಡಿಸಿತೆಂಬುದನ್ನು ನೆನೆದಾಗ, ಆ ಮನುಷ್ಯನು ಕ್ರಮಿಸಿರಬಹುದಾದ ದೂರದ ಮುಂದೆ ನಮ್ಮ ಓಟಗಳೆಲ್ಲ ಅಂಗಳದ ಸುತ್ತಾಟವೆನಿಸುತ್ತವೆ.

ಶಾಸನದಿಂದ ಮುಂದೆ ಬ್ರಹ್ಮಗಿರಿಯ ತಪ್ಪಲನ್ನು ಸುತ್ತುವ ಕಾಲುದಾರಿಯಲ್ಲಿ ವೇಗವನ್ನು ಬಿಟ್ಟು ನಿಧಾನವಾಗಿ ಸಾಗತಕ್ಕದ್ದು. ಡಾ. ಎಂ. ಎಚ್. ಕೃಷ್ಣ ಅವರು 1940ರ ದಶಕದ ಆದಿಯಲ್ಲಿ ಅಗೆದು ಶೋಧಿಸಿದ, ಬಳಿಕ 1947ರಲ್ಲಿ ಮಾರ್ಟಿಮರ್ ವೀಲರರು ವಿಸ್ತಾರವಾಗಿ ಉತ್ಖನನ ನಡೆಸಿದ ನೆಲವಿದು. ನಯಗೊಳಿಸಿದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದವರು, ಅವರ ತರುವಾಯ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾಸಮಾಧಿಗಳ ನಿರ್ಮಾತೃಗಳು, ಅನಂತರ ಶಾತವಾಹನರ ಕಾಲದ ಜನ, ಹೀಗೆ ಒಂದರ ಮೇಲೊಂದು ಪದರವಾಗಿ ಇಲ್ಲಿ ಬದುಕು ನೆಲೆಗೊಂಡಿತ್ತೆಂಬುದನ್ನು ವೀಲರರು ತೋರಿಸಿಕೊಟ್ಟರು. ಅರಿಕಮೇಡಿನಲ್ಲಿ ರೋಮನ್ ವಸ್ತುಗಳ ಸಂಗಡ ದೊರೆತಿದ್ದ ಬಗೆಯ ಮಡಕೆಗಳು ಇಲ್ಲಿಯೂ ದೊರೆತುದರಿಂದ ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕಾಲನಿರ್ಣಯದ ಒಂದು ಆಧಾರ ಸಿಕ್ಕಿತು. ಕಲ್ಲಿನ ವರ್ತುಲಗಳು ಹಾದಿಯ ಬದಿಯಲ್ಲಿ ಕಂಡರೆ ಅವುಗಳ ಮೇಲೆ ಹತ್ತದೆ, ಬಳಸಿ ಹೋಗಬೇಕು; ಅವು ಸತ್ತವರ ಮನೆಗಳು.

ಎರಡನೆಯದು ಜಟಂಗಿ ರಾಮೇಶ್ವರದ ಏರು. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಸ್ಥಳವಿದೆಂದೂ, ಶ್ರೀರಾಮನೇ ಇಲ್ಲಿ ಲಿಂಗವನ್ನು ಪ್ರತಿಷ್ಠಾಪಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಸಮುದ್ರಮಟ್ಟದಿಂದ 3,400 ಅಡಿಗೂ ಮೇಲಿರುವ ಈ ಬೆಟ್ಟವನ್ನು ಮೆಟ್ಟಿಲುಗಳಲ್ಲಿ ಓಡಿ ಹತ್ತುವುದು ಅಭ್ಯಾಸವಿಲ್ಲದವರ ಕೆಲಸವಲ್ಲ. ನುರಿತವರೂ ಓಟ ನಡಿಗೆಗಳನ್ನು ಬೆರೆಸಿಯೇ ಏರುವುದು ಕ್ಷೇಮ. ಮೇಲೆ ದೇವಾಲಯಕ್ಕೆ ಹೋಗುವ ಮೆಟ್ಟಿಲುಗಳ ಪಕ್ಕದಲ್ಲಿ ಓರೆಯಾಗಿ ಹಾಸಿದಂತಿರುವ ಬಂಡೆಯ ಮೇಲೆ ಮೂರನೆಯ ಶಾಸನವುಂಟು. ಮೂರರಲ್ಲಿ ಹೆಚ್ಚು ಸವೆದುದು ಇದೇ; ಶತಮಾನಗಳ ಕಾಲ ಜಾತ್ರೆಯ ಜನರ ಪಾದಗಳು ಆಜ್ಞೆಯ ಅಕ್ಷರಗಳನ್ನು ತುಳಿದುಕೊಂಡೇ ದೇವರ ದರ್ಶನಕ್ಕೆ ಹೋದುವು. ಅಲ್ಲಿಂದ ಕಾಣುವ ನೋಟ ಅಪಾರವಾದದ್ದು: ಬಡಗಣಕ್ಕೆ ಬಳ್ಳಾರಿಯ ಬಯಲು, ಮೂಡಣಕ್ಕೆ ತೆಲುಗುನಾಡಿನ ರಾಯದುರ್ಗದ ಸೀಮೆ, ಅವುಗಳ ನಡುವೆ ಎರಡು ನುಡಿಗಳನ್ನೂ ಒಂದೇ ಉಸಿರಿನಲ್ಲಿ ಆಡುವ ಊರುಗಳು.

ಕಾರ್ತಿಕದಿಂದ ಮಾಘದವರೆಗೆ ಓಟಕ್ಕೆ ಪ್ರಶಸ್ತವಾದ ಕಾಲ. ಆಷಾಢದ ಗಾಳಿ ಎದುರಾಗಿ ಬೀಸಿದರೆ ಓಡುವವನು ನಿಂತಲ್ಲಿಯೇ ಇದ್ದಂತೆ ಭಾಸವಾಗುತ್ತದೆ. ಬೇಸಗೆಯಲ್ಲಿ ಎಂಟು ಗಂಟೆಯ ಮೇಲೆ ಕಗ್ಗಲ್ಲು ಕಾದು ಮುಖಕ್ಕೆ ಬಡಿಯುತ್ತದೆ. ಈ ಗುಡ್ಡಗಳಲ್ಲಿ ಕರಡಿ, ಚಿರತೆಗಳ ಸಂಚಾರವಿರುವುದರಿಂದ ಪೂರ್ತಿ ಬೆಳಕಾಗುವವರೆಗೆ ಬುಡದಲ್ಲಿಯೇ ಇರಬೇಕು, ಬೆಟ್ಟಕ್ಕೆ ಒಂಟಿಯಾಗಿ ಹೋಗಲಾಗದು. ಹೆದ್ದಾರಿಯ ಅಂಚಿನಲ್ಲಿ ಓಡುವುದನ್ನಂತೂ ಬಿಡಲೇಬೇಕು. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗಾಗಿ 1,600 ಮೀಟರುಗಳನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಾದ ಹಳ್ಳಿಯ ತರುಣರು, ಬೇರೆ ಮೈದಾನವಿಲ್ಲದೆ, ಲಾರಿಗಳ ಬೆಳಕಿನಲ್ಲಿ ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುವುದು ನಮ್ಮ ನಾಡಿನ ಎಲ್ಲೆಡೆ ಕಾಣುವ ದೃಶ್ಯ. ಅದನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ. ತಂಗಿಯರಿಗಂತೂ ಆ ಅವಕಾಶವೂ ಇಲ್ಲ.

ಆದುದರಿಂದ ಹೊಲಗಳ ನಡುವಣ ಈ ಹಾದಿಯನ್ನು ಸಜ್ಜುಗೊಳಿಸುವ ಕೆಲಸವನ್ನು ಊರವರು ಕೈಗೊಳ್ಳಬೇಕೆಂದು ನನ್ನ ಪ್ರಾರ್ಥನೆ. ಬೇಕಾಗುವುದು ಅಲ್ಪ: ತಿರುವುಗಳಲ್ಲಿ ಸುಣ್ಣ ಬಳಿದು ದೂರವನ್ನು ಬರೆದ ಕಲ್ಲುಗಳು, ಮುಳ್ಳಿನ ಪೊದೆಗಳನ್ನು ವರ್ಷಕ್ಕೊಮ್ಮೆ ಸವರುವ ವ್ಯವಸ್ಥೆ, ಸಿದ್ಧಾಪುರದ ಬಳಿ ನೆರಳಿನಲ್ಲೊಂದು ನೀರಿನ ಅರವಟ್ಟಿಗೆ. ದೂರವನ್ನು ಅಳೆದು ಕಲ್ಲು ನೆಡುವ ಕಾರ್ಯವನ್ನು ರಾಂಪುರದ ಶಾಲೆಯ ಮಕ್ಕಳಿಗೇ, ಹುಡುಗಿಯರನ್ನೂ ಮುಂದಿಟ್ಟುಕೊಂಡು, ಒಪ್ಪಿಸಬಹುದು; ಒಂದು ವಾರದ ಕೆಲಸ.