ತೊಟ್ಟಿಯಲ್ಲಿ ನೈಟ್ರೇಟ್ ಇಳಿಯುತ್ತಿಲ್ಲವೇ? ನಲ್ಲಿ ನೀರನ್ನೂ ಪರೀಕ್ಷಿಸಿ

ವಾರವಾರ ನೀರು ಬದಲಾಯಿಸಿದರೂ ಮೀನಿನ ತೊಟ್ಟಿಯಲ್ಲಿ ನೈಟ್ರೇಟ್ ಹೆಚ್ಚೇ ಇದ್ದರೆ, ಪರೀಕ್ಷಾ ಪಟ್ಟಿಯನ್ನು ಒಮ್ಮೆ ನಿಮ್ಮ ನಲ್ಲಿ ನೀರಿಗೇ ಅದ್ದಿ ನೋಡಿ. ಮನೆಯಲ್ಲಿ ಆರು ತಿಂಗಳೊಳಗಿನ ಮಗುವಿದ್ದರೆ ಇವತ್ತೇ ನೋಡಿ.

ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ನೀರು ಸುರಿದಾಗ ಅದು ತಿಳಿಯಾಗಬೇಕು. ಆದರೆ ಸುರಿಯುವ ನೀರಿನಲ್ಲೇ 50 ಮಿ.ಗ್ರಾಂ ಇದ್ದರೆ, ಎಷ್ಟು ಬಾರಿ ಬದಲಾಯಿಸಿದರೂ ತೊಟ್ಟಿಯ ಮಟ್ಟ ಅದಕ್ಕಿಂತ ಕೆಳಗಿಳಿಯದು. ಚರಂಡಿ, ಶೌಚ ಗುಂಡಿ ಮತ್ತು ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿಯುವುದರಿಂದ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ ಈ ತೊಂದರೆ ಹೆಚ್ಚು.

ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿ.ಗ್ರಾಂ. ಕೆಲವು ಪಟ್ಟಿಗಳು ‘ನೈಟ್ರೇಟ್-ನೈಟ್ರೋಜನ್’ ಲೆಕ್ಕ ಕೊಡುತ್ತವೆ; ಅದರಲ್ಲಿ 10 ಎಂದರೆ ಹೆಚ್ಚುಕಡಿಮೆ ಇದೇ 45. ಡಬ್ಬಿಯ ಮೇಲೆ ಯಾವ ಲೆಕ್ಕವಿದೆ ಎಂದು ಓದಿಕೊಳ್ಳಿ. ಪಟ್ಟಿ ಕೊಡುವುದು ಅಂದಾಜು ಮಾತ್ರ, ಖಚಿತಪಡಿಸಿಕೊಳ್ಳಲು ಪ್ರಯೋಗಾಲಯಕ್ಕೆ ಕೊಡಿ.

ದೊಡ್ಡವರಿಗಿಂತ ಪುಡಿಹಾಲು ಕುಡಿಯುವ ಶಿಶುವಿಗೆ ಇದು ಅಪಾಯ. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ಅದನ್ನು ಸರಿಪಡಿಸುವ ಕಿಣ್ವ ಎಳೆಯ ಮಕ್ಕಳಲ್ಲಿ ಕಡಿಮೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಬಾವಿ ನೀರಿನಿಂದ ಹೀಗಾದ ಶಿಶುಗಳ ಬಗ್ಗೆ ವೈದ್ಯರೊಬ್ಬರು ಮೊದಲು ವರದಿ ಮಾಡಿದರು. ತುಟಿ, ಉಗುರು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಯಾವ ನೀರು ಬಳಸುತ್ತಿದ್ದೀರೆಂದು ತಪ್ಪದೆ ಹೇಳಿ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ ಇದ್ದರೆ ಅದನ್ನೂ ತಿಳಿಸಿ, ಚಿಕಿತ್ಸೆಯ ಆಯ್ಕೆ ಅದರಿಂದ ಬದಲಾಗುತ್ತದೆ.

ಆ ಚಿಕಿತ್ಸೆಯ ಔಷಧ ಮೆಥಿಲೀನ್ ಬ್ಲೂ. ಮೀನಿನ ಬೂಷ್ಟಿಗೆಂದು ಅಂಗಡಿಯಲ್ಲಿ ಸಿಗುವ ನೀಲಿ ದ್ರಾವಣದ ಹೆಸರೂ ಅದೇ! ಆದರೆ ಆ ಬಾಟಲಿ ಮನುಷ್ಯರಿಗಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ.

ನೀರು ಕುದಿಸಿದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು, ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರ ಕೂಡ ಅದನ್ನು ತೆಗೆಯುವುದಿಲ್ಲ. ಸುಸ್ಥಿತಿಯಲ್ಲಿರುವ ಆರ್‌ಒ ಬಹುಪಾಲು ತೆಗೆಯುತ್ತದೆ, ಆದರೆ ಹೊರಬರುವ ನೀರನ್ನೂ ಪರೀಕ್ಷಿಸಿ. ಪುಡಿಹಾಲಿಗೆ ಮಿತಿಯೊಳಗಿನ ನೀರನ್ನೇ ತಂದು, ಅದನ್ನು ಒಮ್ಮೆ ಕುದಿಸಿ ಬಳಸಿ. ಎದೆಹಾಲು ಕೊಡುವವರು ಅದನ್ನು ನಿಲ್ಲಿಸಬೇಡಿ, ತಾಯಿ ಕುಡಿದ ನೀರಿನ ನೈಟ್ರೇಟ್ ಹಾಲಿನಲ್ಲಿ ಹೆಚ್ಚಾಗಿ ಸೇರುವುದಿಲ್ಲ.

ಇನ್ನು ಮೀನುಗಳಿಗೆ: ನಲ್ಲಿ ನೀರಿಗೆ ಆರ್‌ಒ ನೀರು ಬೆರೆಸಿ, ಕೆಲವು ವಾರಗಳಲ್ಲಿ ನಿಧಾನವಾಗಿ ಪ್ರಮಾಣ ಏರಿಸಿ. ಪೂರ್ತಿ ಆರ್‌ಒ ನೀರಿನಲ್ಲಿ ಖನಿಜಗಳು ಸಾಲವು. ಆಹಾರ ಕಡಿಮೆ ಹಾಕಿ. ಮನಿಪ್ಲಾಂಟಿನ ಬೇರುಗಳನ್ನು ತೊಟ್ಟಿಗೆ ಇಳಿಬಿಟ್ಟರೆ ಅದೂ ಸ್ವಲ್ಪ ನೈಟ್ರೇಟ್ ಹೀರುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಬಾಲ್ಕನಿಯ ಹೂಕುಂಡಗಳಿಗೆ ಹಾಕಬಹುದು.